ನಾದಕ್ಕೆಷ್ಟು ಆಯುಸ್ಸು?

ಪೂಜೆಯ ಕೈಗಂಟೆಯನ್ನು ಹಿಡಿಯಿಂದ ಎತ್ತಿ ಆಡಿಸಿದರೆ ದನಿ ಮನೆಯಿಡೀ ತುಂಬುತ್ತದೆ. ಅದೇ ಗಂಟೆಯ ಬಾಯಂಚನ್ನು ಇನ್ನೊಂದು ಕೈಯ ಎರಡು ಬೆರಳಿನಿಂದ ಹಿಡಿದು ಆಡಿಸಿದರೆ ‘ಟಕ್’ ಎಂಬ ಒಣ ಸದ್ದು ಬಂದು ಅಲ್ಲೇ ಮುಗಿಯುತ್ತದೆ. ಬೆರಳನ್ನು ಅಂಚಿನಿಂದ ತೆಗೆದು ನೆತ್ತಿಯ ಮೇಲಿಟ್ಟರೆ ನಾದ ಮತ್ತೆ ಬರುತ್ತದೆ, ಬೆರಳು ಅದಕ್ಕೆ ಅಡ್ಡಿಯಾಗುವುದೇ ಇಲ್ಲ. ಹಿಡಿಯ ತುದಿಯಲ್ಲಿ ಗರುಡನನ್ನೋ ಹನುಮಂತನನ್ನೋ ನಂದಿಯನ್ನೋ ಕೂರಿಸಿದರೂ ದನಿ ಕೆಡದಿರುವುದು ಈ ಕಾರಣಕ್ಕೇ. ಗಂಟೆಯ ನೆತ್ತಿ ಹೆಚ್ಚುಕಡಿಮೆ ನಿಶ್ಚಲ. ಆಡುವುದೆಲ್ಲ ಬಾಯಿ.

ನಾಲಗೆ ಬಡಿದ ಕ್ಷಣದಿಂದ ಆ ದುಂಡು ಬಾಯಿ ದುಂಡಾಗಿ ಉಳಿಯುವುದಿಲ್ಲ. ರಬ್ಬರ್ ಬಳೆಯನ್ನು ಎರಡು ಬದಿಯಿಂದ ಅದುಮಿ ಬಿಟ್ಟಾಗ ಆಗುವಂತೆ ಒಮ್ಮೆ ಉದ್ದಕ್ಕೆ, ಮರುಗಳಿಗೆಯಲ್ಲೇ ಅಡ್ಡಕ್ಕೆ ಮೊಟ್ಟೆಯಾಕಾರ ತಾಳುತ್ತ ಸೆಕೆಂಡಿಗೆ ನೂರಾರು, ಸಾವಿರಾರು ಸಲ ಅದಲುಬದಲಾಗುತ್ತದೆ. ಅಂಚಿನ ನಾಲ್ಕು ಕಡೆ ಈ ಆಟ ಅತಿ ಜೋರು. ಆ ನಾಲ್ಕರ ನಡುನಡುವೆ ಒಳಕ್ಕೂ ಹೊರಕ್ಕೂ ಸರಿಯದ ನಾಲ್ಕು ಜಾಗಗಳು. ಇದು ಎಲ್ಲಕ್ಕಿಂತ ಸರಳವಾದ ಕಂಪನ. ಇದರ ಜೊತೆಜೊತೆಗೇ ಅಂಚು ಆರು ಕಡೆ, ಎಂಟು ಕಡೆ ಉಬ್ಬಿ ತಗ್ಗುವ ಬೇರೆ ಕಂಪನಗಳೂ ನಡೆದಿರುತ್ತವೆ, ಒಂದೊಂದಕ್ಕೂ ಅದರದೇ ಸ್ವರ. ವೀಣೆಯ ತಂತಿಯಲ್ಲಿ ಹುಟ್ಟುವ ಉಪಸ್ವರಗಳು ಒಂದು, ಎರಡು, ಮೂರು, ನಾಲ್ಕು ಎಂಬ ಲೆಕ್ಕಕ್ಕೆ ಕಟ್ಟುಬಿದ್ದು ಸಾಲಾಗಿ ನಿಲ್ಲುತ್ತವೆ. ಗಂಟೆಯಲ್ಲಿ ಆ ಶಿಸ್ತು ತಾನಾಗಿ ಬರುವುದಿಲ್ಲ. ಗೋಡೆಯ ದಪ್ಪ, ಸೊಂಟದ ಬಾಗು, ಬಾಯಿಯ ಅಗಲ ತುಸು ಬದಲಾದರೂ ಸ್ವರಗಳ ಅಂತರ ಬದಲಾಗುತ್ತದೆ. ಒಂದೇ ಅಳತೆಯ ಎರಡು ಗಂಟೆಗಳು ಒಂದೇ ಥರ ಕೇಳಿಸದಿರುವುದು ಇದರಿಂದಲೇ.

ಈ ಸ್ವರಗಳೆಲ್ಲ ಒಟ್ಟಿಗೆ ಹುಟ್ಟಿದರೂ ಒಟ್ಟಿಗೆ ಸಾಯುವುದಿಲ್ಲ. ಮೇಲಿನ ಸ್ವರಗಳು ಬೇಗ ಕರಗುತ್ತವೆ. ತಗ್ಗಿನ ಸ್ವರ ಕೊನೆಯ ತನಕ ಗುಂಯ್‌ಗುಡುತ್ತದೆ. ಗಂಟೆಯ ಚೈತನ್ಯ ಖರ್ಚಾಗುವುದಕ್ಕೆ ಮುಖ್ಯವಾಗಿ ಎರಡು ದಾರಿ: ಒಂದಷ್ಟು ಸದ್ದಾಗಿ ಗಾಳಿಗೆ ಹೋಗುತ್ತದೆ, ಉಳಿದದ್ದು ಲೋಹದ ಒಳಗೇ ಕಣಕಣಗಳ ತಿಕ್ಕಾಟದಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಗಂಟೆ ಮಾಡುವವರು ಸಾವಿರಾರು ವರ್ಷಗಳಿಂದ ಕೈಯಾಡಿಸುತ್ತ ಬಂದಿರುವುದು ಈ ಖರ್ಚಿನ ಮೇಲೆ. ಕೆಲವರಿಗೆ ನಾದ ನಿಮಿಷಗಟ್ಟಲೆ ನಿಲ್ಲಬೇಕು. ಇನ್ನು ಕೆಲವರಿಗೆ ಅದು ಕೂಡಲೇ ಸಾಯಬೇಕು, ಇಲ್ಲದಿದ್ದರೆ ಕೆಲಸ ಕೆಟ್ಟಿತು. ಲೋಕದ ಬೇರೆಬೇರೆ ಕಡೆಯ ಗಂಟೆಗಳ ಆಕಾರ ಯಾಕೆ ಹಾಗಿದೆ ಎಂದು ನೋಡಹೊರಟರೆ ದೇವರು, ಧರ್ಮ, ಅಲಂಕಾರಗಳಿಗಿಂತ ಮೊದಲು ಎದುರಾಗುವ ಪ್ರಶ್ನೆ ಇದು.

ಲೋಹದಿಂದಲೇ ಶುರುಮಾಡಬಹುದು. ತಾಮ್ರ ಮೆದು, ಬಡಿದರೆ ಮಂಕಾಗಿ ನುಡಿಯುತ್ತದೆ. ಅದಕ್ಕೆ ತವರ ಬೆರೆಸಿದರೆ ಕಂಚು. ವಿಗ್ರಹ ಎರಕಕ್ಕೆ ನೂರಕ್ಕೆ ಹತ್ತು ಪಾಲು ತವರ ಸಾಕು. ಗಂಟೆಗೆ ಮಾತ್ರ 20ರಿಂದ 22 ಪಾಲು ಬೇಕು. ತವರ ಹೆಚ್ಚಿದಷ್ಟೂ ಕಂಚು ಗಡುಸಾಗುತ್ತದೆ, ಒಳಗಿನ ತಿಕ್ಕಾಟ ಕಡಿಮೆಯಾಗಿ ನಾದ ಉಳಿಯುತ್ತದೆ. ಅದರ ಜೊತೆಗೇ ಗಾಜಿನ ಗುಣವೂ ಬರುತ್ತದೆ: ಬಿದ್ದರೆ ಬಾಗುವುದಿಲ್ಲ, ಒಡೆಯುತ್ತದೆ. ದಕ್ಷಿಣ ಭಾರತದ ಕಂಚುಗಾರರಿಗೆ ಈ ತವರ ಹೆಚ್ಚಿರುವ ಕಂಚಿನ ಸ್ವಭಾವ ಬಹಳ ಹಿಂದೆಯೇ ಗೊತ್ತಿತ್ತು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ನೀಲಗಿರಿ ಮತ್ತು ಆದಿಚ್ಚನಲ್ಲೂರಿನ ಬೃಹತ್‌ಶಿಲಾ ಕಾಲದ ಸಮಾಧಿಗಳಲ್ಲಿ ಸಿಕ್ಕ ಬಟ್ಟಲುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಸುಮಾರು 23 ಪಾಲು ತವರ ಇರುವುದನ್ನು ತೋರಿಸಿದ್ದಾರೆ. ಕೆಂಪಗೆ ಕಾದಾಗಲೇ ಬಡಿದು ತೆಳುಮಾಡಿ, ತಟ್ಟನೆ ನೀರಿಗದ್ದಿ ತಣಿಸಿದ ಬಟ್ಟಲುಗಳವು. ನಿಧಾನವಾಗಿ ಆರಲು ಬಿಟ್ಟಿದ್ದರೆ ಅದೇ ಲೋಹ ಪುಡಿಪುಡಿಯಾಗುವಷ್ಟು ಪೆಡಸಾಗುತ್ತಿತ್ತು.

ಪಂಚಲೋಹ, ಅಷ್ಟಧಾತು ಎಂದು ಚಿನ್ನಬೆಳ್ಳಿ ಸೇರಿಸಿದರೆ ದನಿ ಇಂಪಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಯುರೋಪಿನವರಿಗೂ ಇತ್ತು; ಎರಕದ ದಿನ ಊರ ಸಿರಿವಂತರು ಬೆಳ್ಳಿ ನಾಣ್ಯ ತಂದು ಕುಲುಮೆಗೆ ಹಾಕಿದರೆಂಬ ಕಥೆಗಳು ಅಲ್ಲಿ ಹೇರಳ. ಆದರೆ ಅಲ್ಲಿನ ಹಳೆಯ ಗಂಟೆಗಳ ಲೋಹ ಪರೀಕ್ಷಿಸಿದಾಗ ಬೆಳ್ಳಿ ಲೆಕ್ಕಕ್ಕೆ ಸಿಗುವಷ್ಟೂ ಇರಲಿಲ್ಲ. ಬೆಳ್ಳಿ ಮೆದುವಾದ ಲೋಹ, ಅದರಿಂದ ನಾದಕ್ಕೆ ಲಾಭವೂ ಇಲ್ಲ. ನಾಣ್ಯಗಳು ಎಲ್ಲಿ ಹೋದವೋ ಎರಕದವರನ್ನೇ ಕೇಳಬೇಕು.

ಕಂಚೇ ಇಲ್ಲದ ಗಂಟೆಗಳ ಲೋಕವೊಂದು ಗುಜರಾತಿನ ಕಚ್ಛ್‌ನಲ್ಲಿದೆ. ಭುಜ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ನಿರೋಣ ಎಂಬ ಹಳ್ಳಿಯಲ್ಲಿ ಲೋಹಾರ್ ಕುಟುಂಬಗಳು ದನ, ಎಮ್ಮೆ, ಕುರಿ, ಒಂಟೆಗಳಿಗೆ ಗಂಟೆ ಮಾಡುತ್ತವೆ. ಕಚ್ಚಾ ಮಾಲು ಗುಜರಿ ಕಬ್ಬಿಣದ ತಗಡು. ಅದನ್ನು ಕತ್ತರಿಸಿ, ಬಡಿದು ಕೊಳವೆಯಂತೆ ಸುತ್ತುತ್ತಾರೆ. ಬಟ್ಟಲಿನಂಥ ಮುಚ್ಚಳ ಕೂರಿಸಿ ಅಂಚಿಗೆ ಅಂಚು ಮಡಚಿ ಕಚ್ಚಿಸುತ್ತಾರೆ. ಎಲ್ಲೂ ಬೆಸುಗೆ ಇಲ್ಲ. ಮೇಲೆ ಕೆಸರು ಬಳಿದು ತಾಮ್ರ, ಹಿತ್ತಾಳೆಯ ಪುಡಿ ಉದುರಿಸಿ, ಬಿಳಿಗಾರ ಸೇರಿಸಿ, ಇಡೀ ಗಂಟೆಯನ್ನು ಹತ್ತಿ ಬೆರೆಸಿದ ಜೇಡಿಮಣ್ಣಿನಲ್ಲಿ ಸುತ್ತಿ ಕುಲುಮೆಗೆ ಇಡುತ್ತಾರೆ. ಒಳಗೆ ಹಿತ್ತಾಳೆ ಕರಗಿ ಕಬ್ಬಿಣದ ಮೈಗೆಲ್ಲ ಹರಿದು ಮಡಿಕೆಯ ಸಂದುಗಳನ್ನು ತುಂಬುತ್ತದೆ. ಸುಟ್ಟ ಮಣ್ಣನ್ನು ಒಡೆದು ತೆಗೆದರೆ ಹೊಂಬಣ್ಣದ ಗಂಟೆ. ಸಂದು ಉಳಿದಿದ್ದರೆ ಬಡಿದಾಗ ತಗಡಿಗೆ ತಗಡು ತಾಗಿ ದನಿ ಗೊಗ್ಗರಾಗುತ್ತಿತ್ತು. ಹಿತ್ತಾಳೆಯ ಕೆಲಸ ಬಣ್ಣಕ್ಕಿಂತ ಹೆಚ್ಚಾಗಿ ಅದನ್ನು ತಪ್ಪಿಸುವುದು.

ಆಮೇಲೆ ಶ್ರುತಿ. ಕುಶಲಕರ್ಮಿ ಗಂಟೆಯನ್ನು ಕಿವಿಯ ಹತ್ತಿರ ಹಿಡಿದು, ಬಾಯಂಚನ್ನು ಸುತ್ತಿಗೆಯಿಂದ ಒಂದಿಷ್ಟು ಒಳಕ್ಕೆ, ಒಂದಿಷ್ಟು ಹೊರಕ್ಕೆ ಬಾಗಿಸುತ್ತ ಕೇಳುತ್ತ ಹೋಗುತ್ತಾನೆ. ಮೀಟರ್ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ. ಕೊನೆಗೆ ಒಳಗೆ ತೂಗುಹಾಕುವುದು ಮರದ ನಾಲಗೆ. ಕಬ್ಬಿಣದ ನಾಲಗೆ ಬಡಿದು ಥಟ್ಟನೆ ಹಿಂದೆ ಚಿಮ್ಮುತ್ತದೆ, ಕಿವಿ ಚುಚ್ಚುವ ಮೇಲಿನ ಸ್ವರಗಳನ್ನೂ ಎಬ್ಬಿಸುತ್ತದೆ. ಮರ ತುಸು ಹೊತ್ತು ತಾಗಿಕೊಂಡೇ ಇರುತ್ತದೆ. ಆ ತಾಗುವಿಕೆಯೇ ಮೇಲಿನ ಸ್ವರಗಳನ್ನು ಹೊಸಕಿಹಾಕುತ್ತದೆ. ಉಳಿಯುವುದು ಗಿಡ್ಡನೆಯ, ಗಟ್ಟಿಯಾದ, ಗುರುತು ಹಿಡಿಯಬಹುದಾದ ದನಿ. ಮಾಲ್ಧಾರಿ ಪಶುಪಾಲಕರಿಗೆ ಬೇಕಾದದ್ದೂ ಅದೇ. ಹಿಂಡು ಎಷ್ಟು ದೂರದಲ್ಲಿದೆ, ಅದು ತಮ್ಮದೋ ಪಕ್ಕದವರದೋ ಎಂದು ಕತ್ತಲಲ್ಲಿ ತಿಳಿಯಬೇಕಾದವರಿಗೆ ಒಂದರ ಮೇಲೊಂದು ಹರಡಿಕೊಳ್ಳುವ ಉದ್ದ ನಾದ ಉಪಯೋಗಕ್ಕಿಲ್ಲ.

ಇದೇ ವಿದ್ಯೆ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಪೋರ್ಚುಗಲ್‌ನಲ್ಲಿದೆ! ಅಲ್ಲಿನ ಅಲ್ಕಾಸೊವಶ್ ಎಂಬ ಊರಿನವರು ಕಬ್ಬಿಣದ ತಗಡನ್ನು ಅಡಿಗಲ್ಲಿನ ಮೇಲೆ ಮಡಚಿ ಗಂಟೆ ಮಾಡಿ, ತಾಮ್ರದ ಚೂರುಗಳನ್ನಿಟ್ಟು, ಹುಲ್ಲು ಬೆರೆಸಿದ ಜೇಡಿಮಣ್ಣಲ್ಲಿ ಸುತ್ತಿ ಸುಡುತ್ತಾರೆ. ಬಳಿಕ ತಣ್ಣೀರಿಗೆ ಹಾಕುತ್ತಾರೆ. ಕಸುಬು ಕಣ್ಮರೆಯಾಗುತ್ತಿದೆ ಎಂದು 2015ರಲ್ಲಿ ಯುನೆಸ್ಕೊ ಅದನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಐರ್ಲೆಂಡಿನ ಮಧ್ಯಯುಗದ ಸಂನ್ಯಾಸಿಗಳ ಕೈಗಂಟೆಗಳೂ ಇದೇ ಕುಲದವು. ಡಬ್ಲಿನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಸಂತ ಪ್ಯಾಟ್ರಿಕನ ಗಂಟೆ ಕಬ್ಬಿಣದ ತಗಡನ್ನು ಮಡಚಿ ಕಂಚು ಹರಿಸಿ ಮಾಡಿದ್ದು. ನೋಡಲು ದನದ ಕೊರಳ ಗಂಟೆಗಿಂತ ಏನೂ ಹೆಚ್ಚಿಲ್ಲ. ಆದರೆ ಕ್ರಿ.ಶ. 1100ರ ಸುಮಾರಿಗೆ ಅದಕ್ಕೆ ಚಿನ್ನಬೆಳ್ಳಿಯ ಕುಸುರಿಯ ಕವಚ ಮಾಡಿಸಿದರು. ಕವಚದೊಳಗೆ ಸೇರಿದ ಮೇಲೆ ಗಂಟೆ ನುಡಿಯುವ ಮಾತೇ ಇಲ್ಲ.

ಮಲೆನಾಡಿನ ಕಾಡಂಚಿನಲ್ಲಿ ಮೇಯುವ ದನಗಳಿಗೆ ಕಟ್ಟುತ್ತಿದ್ದ ಮರದ ಗಂಟೆಯದು ಇನ್ನೂ ಗಿಡ್ಡ ದನಿ. ಲೋಹದ ಗಂಟೆಯ ಮುಂದೆ ಅದು ಬಡಪಾಯಿ ಅನ್ನಿಸುತ್ತದೆ, ಆದರೆ ಎಲೆ ತುಂಬಿದ ಕಾಡಿನಲ್ಲಿ ಲೆಕ್ಕ ಬೇರೆ. ಎಲೆಗಳು ಮೇಲಿನ ಸ್ವರಗಳನ್ನು ಚದುರಿಸಿ ನುಂಗುತ್ತವೆ, ತಗ್ಗಿನ ಸದ್ದಿಗೆ ಅಷ್ಟು ತಡೆಯಿಲ್ಲ. ಗೆಜ್ಜೆಯದು ಇನ್ನೊಂದು ಉಪಾಯ. ಮುಚ್ಚಿದ ಗೋಳ, ಕೆಳಗೊಂದು ಸೀಳು, ಒಳಗೆ ಅಲೆದಾಡುವ ಗುಂಡು. ಗುಂಡು ಸದಾ ಗೋಡೆಯನ್ನು ತಾಗಿಕೊಂಡೇ ಇರುವುದರಿಂದ ಪ್ರತಿ ಸದ್ದೂ ಹುಟ್ಟಿದಲ್ಲೇ ಅಡಗುತ್ತದೆ. ಕಥಕ್ ಕಲಾವಿದರು ಕಾಲೊಂದಕ್ಕೆ ನೂರಕ್ಕೂ ಹೆಚ್ಚು ಗೆಜ್ಜೆ ಕಟ್ಟಿಯೂ ತಾಳದ ಪ್ರತಿ ಪೆಟ್ಟನ್ನು ಬೇರೆಬೇರೆಯಾಗಿ ಕೇಳಿಸಬಲ್ಲರು. ನೂರು ಪೂಜಾಗಂಟೆ ಕಟ್ಟಿಕೊಂಡರೆ ಕಲಸುಮೇಲೋಗರ. ತುಳುನಾಡಿನ ಭೂತಕೋಲದ ಗಗ್ಗರ, ಮನೆಮನೆ ತಿರುಗುವ ಜಂಗಮನ ಕಾಲಿನ ಜಂಗು, ಕಾರಹುಣ್ಣಿಮೆಯ ಎತ್ತಿನ ಗೆಜ್ಜೆಸರ ಎಲ್ಲವೂ ಹೆಜ್ಜೆಯನ್ನು ಸದ್ದಾಗಿಸುವ ಸಾಧನಗಳು. ಅಂಚೆ ಹೊತ್ತು ಓಡುತ್ತಿದ್ದ ಹರಿಕಾರನ ಕೋಲಿಗೂ ಗೆಜ್ಜೆ ಕಟ್ಟಿರುತ್ತಿತ್ತು. ಅದು ಕಾಡುಪ್ರಾಣಿಗೆ ಎಚ್ಚರಿಕೆ, ಮುಂದಿನ ಠಾಣ್ಯದವನಿಗೆ ಸೂಚನೆ.

ನಾದವನ್ನು ಬೇಗ ಕೊಲ್ಲುವ ಕಲೆಯ ಪರಮಾವಧಿ ಮಾತ್ರ ಚೀನಾದ್ದು. 1977ರಲ್ಲಿ ಹೂಬೇ ಪ್ರಾಂತ್ಯದ ಸೂಯ್‌ಜೋ ಬಳಿ ಸೈನಿಕರು ಕಾರ್ಖಾನೆ ಕಟ್ಟಲು ಗುಡ್ಡ ಸಮತಟ್ಟು ಮಾಡುತ್ತಿದ್ದಾಗ ಹಳೆಯ ಸಮಾಧಿಯೊಂದು ಸಿಕ್ಕಿತು. ಮರುವರ್ಷ ಉತ್ಖನನ ನಡೆದಾಗ ನೀರು ತುಂಬಿದ ಕೋಣೆಯೊಳಗೆ 65 ಕಂಚಿನ ಗಂಟೆಗಳು ಮೂರಂತಸ್ತಿನ ಮರದ ಚೌಕಟ್ಟಿನಲ್ಲಿ ತೂಗಾಡುತ್ತಿದ್ದವು. ಚೌಕಟ್ಟು ಬಿದ್ದಿರಲಿಲ್ಲ, ಅದನ್ನು ಹೊತ್ತ ಕಂಚಿನ ಯೋಧರ ಬೊಂಬೆಗಳು ಹಾಗೇ ನಿಂತಿದ್ದವು. ಸಮಾಧಿ ಜ಼ೆಂಗ್ ಎಂಬ ಪುಟ್ಟ ಸಂಸ್ಥಾನದ ದೊರೆ ಯಿ ಎಂಬುವನದು, ಕಾಲ ಕ್ರಿ.ಪೂ. 433ರ ಸುಮಾರು. ಗಂಟೆಗಳ ಒಟ್ಟು ತೂಕ ಎರಡೂವರೆ ಟನ್. ಅದೇ 1978ರ ಆಗಸ್ಟ್ 1ರಂದು ಅವನ್ನು ಮತ್ತೆ ನುಡಿಸಿದರು. ಈಗ ಅವು ವೂಹಾನ್‌ನ ಹೂಬೇ ವಸ್ತುಸಂಗ್ರಹಾಲಯದಲ್ಲಿವೆ.

ಈ ಗಂಟೆಗಳ ಬಾಯಿ ದುಂಡಗಿಲ್ಲ. ಬಾದಾಮಿಯಂತೆ ಎರಡು ತುದಿ ಚೂಪು. ನಾಲಗೆ ಇಲ್ಲ, ಹೊರಗಿನಿಂದ ಮರದ ಕೊಡತಿಯಲ್ಲಿ ಬಡಿಯಬೇಕು. ಅಂಚಿನ ನಡುವೆ ಬಡಿದರೆ ಒಂದು ಸ್ವರ, ನಡುವಿನಿಂದ ತುಸು ಬದಿಗೆ ಬಡಿದರೆ ಇನ್ನೊಂದು. ಒಂದೇ ಗಂಟೆಯಲ್ಲಿ ಎರಡು ಸ್ವರ! ಮೊದಲನೆಯದನ್ನು ಷಡ್ಜ ಎಂದುಕೊಂಡರೆ ಎರಡನೆಯದು ಸಾಧಾರಣ ಗಾಂಧಾರ ಇಲ್ಲವೇ ಅಂತರ ಗಾಂಧಾರ. ದುಂಡು ಗಂಟೆಯಲ್ಲಿ ಸುತ್ತಲೂ ಎಲ್ಲಿ ಬಡಿದರೂ ಅದೇ ಸ್ವರ, ಯಾಕೆಂದರೆ ಯಾವ ದಿಕ್ಕೂ ವಿಶೇಷವಲ್ಲ. ಬಾದಾಮಿ ಆಕಾರ ಆ ಸಮಾನತೆಯನ್ನು ಮುರಿದು, ಅಂಚು ನಾಲ್ಕು ಕಡೆ ಆಡುವ ಆ ಸರಳ ಕಂಪನವನ್ನೇ ಎರಡಾಗಿ ಸೀಳುತ್ತದೆ. ಒಂದು ಸ್ವರ ಜೋರಾಗಿ ಆಡುವ ಜಾಗ ಇನ್ನೊಂದಕ್ಕೆ ನಿಶ್ಚಲ ಜಾಗ. ಅಲ್ಲಿ ಬಡಿದರೆ ಆ ಇನ್ನೊಂದು ಏಳುವುದೇ ಇಲ್ಲ. ಯಾವ ಜಾಗಕ್ಕೆ ಯಾವ ಸ್ವರ ಎಂಬುದನ್ನು ಎರಕದವರು ಗಂಟೆಯ ಮೈಮೇಲೇ ಬರೆದಿದ್ದಾರೆ. ಅಕ್ಷರಗಳಿಗೆ ಹೊಂದಿಸಿ ಬಡಿದು ನೋಡಿದವರಿಗೆ 2,400 ವರ್ಷ ಹಳೆಯ ಸ್ವರವ್ಯವಸ್ಥೆಯೊಂದು ಐದು ಸ್ಥಾಯಿಗಳ ಉದ್ದಕ್ಕೂ ಸಿಕ್ಕಿತು. ಪ್ರಾಚೀನ ಸಂಗೀತದ ಬೇರೆ ಯಾವ ಸಾಕ್ಷ್ಯವೂ ಇಷ್ಟು ನೇರವಾಗಿ ಮಾತಾಡುವುದಿಲ್ಲ.

ಎರಡು ಸ್ವರದ ಚಮತ್ಕಾರ ಎಲ್ಲರ ಗಮನ ಸೆಳೆಯುತ್ತದೆ. ಆದರೆ ಆ ಆಕಾರದ ದೊಡ್ಡ ಉಪಕಾರ ಬೇರೆಯದು. ಸೋಂಗ್ ರಾಜವಂಶದ ಕಾಲದ ಬಹುಶ್ರುತ ಷೆನ್ ಕುವೊ 11ನೆಯ ಶತಮಾನದಲ್ಲೇ ಅದನ್ನು ಗುರುತಿಸಿ ಬರೆದಿಟ್ಟ. ದುಂಡು ಗಂಟೆಯ ನಾದ ಉದ್ದ, ಚಪ್ಪಟೆ ಗಂಟೆಯದು ಗಿಡ್ಡ. ಸ್ವರಗಳು ಬೇಗಬೇಗ ಬರುವ ಕಡೆ ದುಂಡು ಗಂಟೆ ಬಳಸಿದರೆ ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಬಿದ್ದು ಸಂಗೀತವೇ ಕೆಡುತ್ತದೆ ಎಂಬುದು ಅವನ ವಿವರಣೆ. ಅವನ ಕಾಲಕ್ಕೆ ಚಪ್ಪಟೆ ಗಂಟೆಯ ಕಲೆ ಮರೆತೇಹೋಗಿತ್ತು, ಎರಕದವರು ದುಂಡು ಗಂಟೆ ಮಾಡಿ ಅದರಲ್ಲಿ ರಾಗ ನುಡಿಸಲು ಒದ್ದಾಡುತ್ತಿದ್ದರು. ಆಧುನಿಕ ಧ್ವನಿವಿಜ್ಞಾನಿಗಳು ಅವನ ಮಾತಿಗೆ ಅಳತೆಗಳನ್ನು ಸೇರಿಸಿದ್ದಾರೆ, ಅಷ್ಟೆ.

ಸಮುದ್ರ ದಾಟಿ ಕೊರಿಯಾಕ್ಕೆ ಹೋದರೆ ಎಲ್ಲವೂ ತಿರುವುಮುರುವು. ಗ್ಯೊಂಗ್‌ಜು ವಸ್ತುಸಂಗ್ರಹಾಲಯದ ಅಂಗಳದಲ್ಲಿ ತೂಗುವ ಸೊಂಗ್‌ಡೊಕ್ ದೊರೆಯ ಗಂಟೆ ಕ್ರಿ.ಶ. 771ರಲ್ಲಿ ಸಿದ್ಧವಾದದ್ದು. ತೂಕ ಸುಮಾರು 19 ಟನ್. ತಂದೆಯ ನೆನಪಿಗೆ ಮಗ ಶುರುಮಾಡಿ, ಮುಗಿಯುವ ಹೊತ್ತಿಗೆ ಮೊಮ್ಮಗ ಪಟ್ಟಕ್ಕೆ ಬಂದಿದ್ದ. ಬಡಿಯುವುದು ಅಡ್ಡಡ್ಡ ತೂಗುಹಾಕಿದ ಮರದ ದಿಮ್ಮಿಯಿಂದ. ಭಾರವಾದ, ಮೆದುವಾದ ದಿಮ್ಮಿ ಮೇಲಿನ ಕೀರಲು ಸ್ವರಗಳನ್ನು ಎಬ್ಬಿಸದೆ ತಗ್ಗಿನ ಸ್ವರಗಳಿಗೆ ಮಾತ್ರ ಶಕ್ತಿ ತುಂಬುತ್ತದೆ. ಮೊದಲ ಅಬ್ಬರ ಇಳಿದ ಮೇಲೆ ಉಳಿಯುವ ಗುಂಯ್ ದನಿ ಉಸಿರಾಡಿದಂತೆ ಏರಿಳಿಯುತ್ತದೆ. ಕಾರಣ ಸರಳ. 19 ಟನ್ ಕಂಚಿನ ಎರಕ ಎಲ್ಲ ಕಡೆಯೂ ಒಂದೇ ದಪ್ಪ ಇರಲು ಸಾಧ್ಯವಿಲ್ಲ. ಮೈಮೇಲೆ ಅಪ್ಸರೆಯರ, ಕಮಲಗಳ ಉಬ್ಬುಚಿತ್ರಗಳೂ ಇವೆ. ಹಾಗಾಗಿ ಸುಮಾರು 64 ಹರ್ಟ್ಸ್‌ನ ಆ ತಗ್ಗು ಸ್ವರ ವಾಸ್ತವದಲ್ಲಿ ಎರಡು ಸ್ವರ, ನಡುವಿನ ವ್ಯತ್ಯಾಸ ಒಂದು ಹರ್ಟ್ಸ್‌ನ ಮೂರನೆಯ ಒಂದು ಪಾಲು. ಅವು ಒಮ್ಮೆ ಕೂಡಿ, ಒಮ್ಮೆ ಕಳೆದು ಸುಮಾರು ಮೂರು ಸೆಕೆಂಡಿಗೊಮ್ಮೆ ದನಿಯನ್ನು ಏರಿಸಿ ಇಳಿಸುತ್ತವೆ. ವೀಣೆ, ತಂಬೂರಿಯ ಶ್ರುತಿ ಸೇರಿಸುವವರಿಗೆ ಈ ಅಲೆ ಚೆನ್ನಾಗಿ ಗೊತ್ತು. ಅವರಿಗೆ ಅದು ಅಪಶ್ರುತಿಯ ಗುರುತು. ಕೊರಿಯನ್ನರಿಗೆ ಅದೇ ಗಂಟೆಯ ಜೀವ. ಎರಕ ಕೂಡಿಬರದಿದ್ದಾಗ ಮಗುವೊಂದನ್ನು ಕರಗಿದ ಲೋಹಕ್ಕೆ ಅರ್ಪಿಸಿದರು, ಅದು ಅಮ್ಮನನ್ನು ಕರೆಯುತ್ತಿದೆ ಎಂಬ ದಾರುಣ ಕಥೆ ಈ ಅಲೆಯ ಸುತ್ತಲೇ ಹುಟ್ಟಿರಬೇಕು.

ಜಪಾನಿನ ದೇಗುಲಗಳ ಗಂಟೆಗಳದೂ ಇದೇ ಮನೆತನ. ವರ್ಷದ ಕೊನೆಯ ರಾತ್ರಿ 108 ಸಲ ಬಡಿಯುವಾಗ ಒಂದು ಪೆಟ್ಟಿನ ನಾದ ಪೂರ್ತಿ ಇಳಿಯಲು ಬಿಟ್ಟೇ ಇನ್ನೊಂದು ಪೆಟ್ಟು. ಅವಸರವೇ ಇಲ್ಲ.

ಯುರೋಪಿನವರು ಬಯಸಿದ್ದು ಎರಡನ್ನೂ: ನಾದ ಉದ್ದವೂ ಇರಬೇಕು, ರಾಗವೂ ನುಡಿಯಬೇಕು. 17ನೆಯ ಶತಮಾನದ ನೆದರ್ಲೆಂಡ್ಸ್‌ನಲ್ಲಿ ಗೋಪುರಗಳಲ್ಲಿ ಗಂಟೆಗಳ ಸಾಲು ಕಟ್ಟಿ ಕೀಲಿಮಣೆಯಿಂದ ನುಡಿಸುವ ಹುಚ್ಚು ಹಬ್ಬಿತ್ತು. ನಾದ ನಿಲ್ಲಿಸಲಾಗದಿದ್ದರೆ ಅದರ ಒಳಗಿನ ಸ್ವರಗಳನ್ನಾದರೂ ಹೊಂದಿಸಬೇಕಲ್ಲ? ದಾರಿ ತೋರಿಸಿದವನು ಯೂಟ್ರೆಕ್ಟ್‌ನ ಯಾಕೊಬ್ ವಾನ್ ಐಕ್, ಹುಟ್ಟುಕುರುಡ. ಗಂಟೆಯ ಹತ್ತಿರ ನಿಂತು ಶಿಳ್ಳೆ ಹಾಕಿ, ಬಡಿಯದೆಯೇ ಅದರ ಒಂದೊಂದು ಉಪಸ್ವರವನ್ನು ಬೇರೆಬೇರೆಯಾಗಿ ಎಬ್ಬಿಸಬಲ್ಲವನಾಗಿದ್ದ. ಅವನ ಕಿವಿ ಮತ್ತು ಹೆಮೊನಿ ಸಹೋದರರ ಎರಕದ ಕೈ ಸೇರಿ 1644ರಲ್ಲಿ ಜ಼ುಟ್ಫೆನ್ ಊರಿನ ಗೋಪುರಕ್ಕೆ ಶ್ರುತಿಬದ್ಧವಾದ ಮೊದಲ ಗಂಟೆಸಾಲು ಬಂತು. ಗಂಟೆಯ ಒಳಮೈಯನ್ನು ಬೇಕಾದ ಎತ್ತರದಲ್ಲಿ ಕೆರೆದು ಸ್ವರಗಳನ್ನು ಒಂದೊಂದಾಗಿ ಇಳಿಸುವ ಉಪಾಯ ಅದು. ಕೆರೆದದ್ದು ಹೆಚ್ಚಾದರೆ ಗಂಟೆಯನ್ನು ಕರಗಿಸಿ ಮತ್ತೆ ಎರೆಯುವುದೇ ದಾರಿ.

ಹಾಗೆ ಶ್ರುತಿಗೊಂಡ ಗಂಟೆಯೊಳಗಿನ ಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಹೇಳಬಹುದು: ಮಂದ್ರ ಷಡ್ಜ, ಮಧ್ಯ ಷಡ್ಜ, ಸಾಧಾರಣ ಗಾಂಧಾರ, ಪಂಚಮ, ತಾರ ಷಡ್ಜ. ಚರ್ಚಿನ ಗಂಟೆಯಲ್ಲಿ ಒಂದು ಬಗೆಯ ವಿಷಾದ ಕೇಳಿಸುತ್ತದೆ ಅನ್ನುವವರಿದ್ದಾರೆ; ಅದರ ಮೂಲ ಆ ಸಾಧಾರಣ ಗಾಂಧಾರ. 1980ರ ದಶಕದಲ್ಲಿ ಡಚ್ ಎಂಜಿನಿಯರುಗಳು ಕಂಪ್ಯೂಟರ್ ಲೆಕ್ಕಾಚಾರದಿಂದ ಗಂಟೆಯ ಸೊಂಟಕ್ಕೆ ಹೊಸ ಉಬ್ಬು ಕೊಟ್ಟು ಅಂತರ ಗಾಂಧಾರದ ಗಂಟೆಯನ್ನೂ ಎರೆದರು. ಶತಮಾನಗಳ ಕೈಚಳಕಕ್ಕೆ ದಕ್ಕದ ಆಕಾರ ಅದು.

ಇಲ್ಲೊಂದು ಮೋಜಿನ ಸಂಗತಿ. ಗಂಟೆಯ ಸ್ವರ ಯಾವುದು ಎಂದು ಕೇಳಿದರೆ ಎಲ್ಲರೂ ಹಾಡಿ ತೋರಿಸುವ ಸ್ವರದ ಕಂಪನ ಕೆಲವೊಮ್ಮೆ ಆ ಗಂಟೆಯಲ್ಲಿ ಇರುವುದೇ ಇಲ್ಲ. ಭೌತವಿಜ್ಞಾನಿ ಲಾರ್ಡ್ ರೇಲಿ ತನ್ನೂರು ಟರ್ಲಿಂಗ್‌ನ ಚರ್ಚಿನ ಗಂಟೆಗಳನ್ನು ಪರೀಕ್ಷಿಸಿ 1890ರಲ್ಲಿ ಇದನ್ನು ವರದಿ ಮಾಡಿದಾಗ ಅದು ಒಗಟು. ಉತ್ತರ ಸಿಕ್ಕಿದ್ದು ಕಿವಿಯ ಅಧ್ಯಯನದಿಂದ. ಎರಡು, ಮೂರು, ನಾಲ್ಕರ ಅನುಪಾತದಲ್ಲಿ ಮೇಲಿನ ಸ್ವರಗಳು ಕೇಳಿಸಿದರೆ ಮಿದುಳು ತಾನಾಗಿ ಒಂದನ್ನು ಕಲ್ಪಿಸಿಕೊಳ್ಳುತ್ತದೆ. ಊರಿಗೆಲ್ಲ ಕೇಳಿಸುವ ಸ್ವರ ಗಂಟೆಯಲ್ಲಿಲ್ಲ, ಊರಿನವರ ತಲೆಯಲ್ಲಿದೆ.

ಇಂಗ್ಲೆಂಡಿನವರು ರಾಗದ ಗೊಡವೆಯನ್ನೇ ಬಿಟ್ಟು ಗಣಿತ ಹಿಡಿದರು. ಗೋಪುರದ ಗಂಟೆಗಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಬಾರಿಸುವ ಪದ್ಧತಿಯಲ್ಲಿ ಭಾರದ ಗಂಟೆಯನ್ನು ಬೇಕೆಂದಾಗ ನಿಲ್ಲಿಸಲಾಗದು, ಸರದಿಯನ್ನು ಒಂದಿಷ್ಟು ಹಿಂದುಮುಂದು ಮಾಡಬಹುದಷ್ಟೆ. ಹಾಗಾಗಿ ಯಾವ ಕ್ರಮವೂ ಮರುಕಳಿಸದಂತೆ ಎಲ್ಲ ಕ್ರಮಯೋಜನೆಗಳನ್ನೂ ಬಾರಿಸುವುದೇ ಆಟ. ಏಳು ಗಂಟೆಗೆ 5,040 ಕ್ರಮ, ಸುಮಾರು ಮೂರು ತಾಸು. ಎಂಟಕ್ಕೆ 40,320. ಅದನ್ನು 1963ರ ಜುಲೈನಲ್ಲಿ ಲಫ್‌ಬರೋದಲ್ಲಿ ಒಂದು ತಂಡ ಹದಿನೆಂಟು ತಾಸಿಗೆ ಎರಡು ನಿಮಿಷ ಕಡಿಮೆಯಲ್ಲಿ, ಯಾರೂ ಜಾಗ ಬಿಟ್ಟೇಳದೆ ಬಾರಿಸಿ ಮುಗಿಸಿತು. ಇದರ ಅಭ್ಯಾಸ ಚಳಿಯ ಗೋಪುರದಲ್ಲಿ ಕಷ್ಟ. ಊರ ನೆಮ್ಮದಿಗೂ ಭಂಗ. ಅದಕ್ಕೆಂದೇ ಹುಟ್ಟಿದ್ದು ಇಂಗ್ಲಿಷ್ ಬಗೆಯ ಕೈಗಂಟೆ. ವಿಲ್ಟ್‌ಶೈರಿನ ಆಲ್ಡ್‌ಬರ್ನ್ ಹಳ್ಳಿಯ ಕೋರ್ ಸಹೋದರರು 1700ರ ಆಸುಪಾಸಿನಲ್ಲಿ ಶ್ರುತಿ ಮಾಡಿದ ಕೈಗಂಟೆಗಳನ್ನು ಎರೆದರು. ಇವುಗಳ ನಾಲಗೆ ನಮ್ಮ ಪೂಜಾಗಂಟೆಯ ನಾಲಗೆಯಂತೆ ಎಲ್ಲ ಕಡೆ ತೂಗಾಡುವುದಿಲ್ಲ. ಒಂದೇ ರೇಖೆಯಲ್ಲಿ ಹಿಂದೆಮುಂದೆ ಹೋಗುತ್ತದೆ, ಬಡಿದ ಕೂಡಲೇ ಅದನ್ನು ಹಿಂದಕ್ಕೆಳೆಯುವ ಏರ್ಪಾಡೂ ಉಂಟು. ನಾದ ಸಾಕೆನಿಸಿದಾಗ ನುಡಿಸುವವರು ಬಾಯಂಚನ್ನು ಭುಜಕ್ಕೆ ಒತ್ತಿಕೊಳ್ಳುತ್ತಾರೆ.

ನಾದ ತಗ್ಗಿನಲ್ಲಿರಬೇಕೆಂದು ಬಯಸಿದವರು ತೆತ್ತ ಬೆಲೆಯೇ ಬೇರೆ. ಗಂಟೆಯ ಎಲ್ಲ ಅಳತೆಗಳನ್ನೂ ಇಮ್ಮಡಿ ಮಾಡಿದರೆ ಸ್ವರ ಒಂದು ಸ್ಥಾಯಿ ಇಳಿಯುತ್ತದೆ, ತೂಕ ಮಾತ್ರ ಎಂಟುಪಟ್ಟು. ಇನ್ನೊಂದು ಸ್ಥಾಯಿಗೆ 64 ಪಟ್ಟು. ದೊರೆಗಳ ಪ್ರತಿಷ್ಠೆ ಈ ಗಣಿತಕ್ಕೆ ಹೆದರಲಿಲ್ಲ. ಬರ್ಮಾದ ಬೊಡಪಯಾ ದೊರೆ 19ನೆಯ ಶತಮಾನದ ಆರಂಭದಲ್ಲಿ ಮಿಂಗುನ್‌ನಲ್ಲಿ ಎರಕ ಹುಯ್ಯಿಸಿದ ಗಂಟೆ ಸುಮಾರು 90 ಟನ್. ಅದು ಇಂದಿಗೂ ನುಡಿಯುತ್ತದೆ. ಮಾಸ್ಕೋದ ತ್ಸಾರ್ ಗಂಟೆ 1735ರದು, ಸುಮಾರು 200 ಟನ್. ಎರಕದ ಗುಂಡಿಯಿಂದ ಎತ್ತುವ ಮೊದಲೇ 1737ರಲ್ಲಿ ಬೆಂಕಿ ಬಿತ್ತು. ಕಾದ ಕಂಚಿಗೆ ನೀರು ಸುರಿದಾಗ ಬಿರುಕು ಬಿಟ್ಟು ಹನ್ನೊಂದೂವರೆ ಟನ್ನಿನ ಚೂರೊಂದು ಕಳಚಿತು. ತವರ ಕೊಟ್ಟ ಪೆಡಸುತನಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಆ ಗಂಟೆ ಒಮ್ಮೆಯೂ ನುಡಿದಿಲ್ಲ. ಲಂಡನ್ನಿನ ಬಿಗ್ ಬೆನ್ ಕೂಡ 1859ರಲ್ಲಿ, ನುಡಿಯತೊಡಗಿದ ಎರಡೇ ತಿಂಗಳಲ್ಲಿ ಸೀಳಿತು. ಗಂಟೆಯನ್ನು ತುಸು ತಿರುಗಿಸಿ, ಹಗುರ ಸುತ್ತಿಗೆ ಹಾಕಿ ಮತ್ತೆ ಬಾರಿಸತೊಡಗಿದರು. ಇಂದು ಜಗತ್ತಿಗೆಲ್ಲ ಪರಿಚಿತವಾದ ಆ ದನಿ ಬಿರುಕು ಬಿಟ್ಟ ಗಂಟೆಯದು.

ದನಿಗೆ ಇಲ್ಲದ ಶಕ್ತಿ ಹೊರಿಸಿದಾಗ ಪ್ರಾಣಕ್ಕೇ ಕುತ್ತು ಬಂದದ್ದೂ ಉಂಟು. ಗಂಟೆ ಬಾರಿಸಿದರೆ ಸಿಡಿಲು ಚದುರುತ್ತದೆ ಎಂದು ಯುರೋಪಿನಲ್ಲಿ ನಂಬಿದ್ದರು. ಗುಡುಗು ಶುರುವಾದರೆ ಬಾರಿಸುವವನು ಊರಿಗೆಲ್ಲ ಎತ್ತರವಾದ ಕಟ್ಟಡ ಹತ್ತಿ, ಒದ್ದೆ ಹಗ್ಗ ಹಿಡಿದು, ಟನ್‌ಗಟ್ಟಲೆ ಲೋಹದ ಕೆಳಗೆ ನಿಲ್ಲಬೇಕು. 18ನೆಯ ಶತಮಾನದ ಒಂದು ಲೆಕ್ಕದಂತೆ 33 ವರ್ಷಗಳಲ್ಲಿ 386 ಚರ್ಚ್ ಗೋಪುರಗಳಿಗೆ ಸಿಡಿಲು ಬಡಿದು 103 ಮಂದಿ ಗಂಟೆ ಬಾರಿಸುವವರು ಸತ್ತರು. ಈಗ ನಮ್ಮ ವಾಟ್ಸ್ಆ್ಯಪಿನಲ್ಲಿ ಓಡಾಡುವ ಗಂಟೆಪುರಾಣ ಅಷ್ಟು ಅಪಾಯಕಾರಿಯಲ್ಲ: ದೇಗುಲದ ಗಂಟೆಯ ನಾದ ಸರಿಯಾಗಿ ಏಳು ಸೆಕೆಂಡು ನಿಂತು ಏಳು ಚಕ್ರಗಳನ್ನು ಎಚ್ಚರಿಸುತ್ತದೆ, ರೋಗಾಣುಗಳನ್ನು ಕೊಲ್ಲುತ್ತದೆ. ಮುಷ್ಟಿಗಾತ್ರದ ಗಂಟೆಗೂ ಆಳೆತ್ತರದ ಗಂಟೆಗೂ ಒಂದೇ ಆಯುಸ್ಸು ಇರಲು ಸಾಧ್ಯವೇ ಎಂದು ಕೇಳಿಕೊಂಡರೆ ಮೊದಲರ್ಧ ಬೀಳುತ್ತದೆ. ಇನ್ನುಳಿದರ್ಧಕ್ಕೆ, ಗಾಳಿಯಲ್ಲಿ ಬರುವ ಗಂಟೆಯ ಸದ್ದಿನ ಒತ್ತಡ ರೋಗಾಣುವನ್ನು ಕೆಡವಲು ಎಲ್ಲೂ ಸಾಲದು ಎಂಬ ಉತ್ತರವಿದೆ. ಭಕ್ತನಿಗೆ ಗಂಟೆ ಬಾರಿಸಲು ಇಂಥ ನೆಪಗಳು ಬೇಕೂ ಇಲ್ಲ.

ಗಂಟೆಯೇ ಊರು ಬದಲಿಸಿದಾಗ ಬಾರಿಸುವ ರೀತಿಯೂ ಬದಲಾಗುತ್ತದೆ. 1739ರಲ್ಲಿ ಮರಾಠಾ ಸೇನಾನಿ ಚಿಮಾಜಿ ಅಪ್ಪ ಪೋರ್ಚುಗೀಸರಿಂದ ವಸೈ ಕೋಟೆ ಗೆದ್ದಾಗ ಅಲ್ಲಿನ ಚರ್ಚುಗಳ ಗಂಟೆಗಳು ಮರಾಠಾ ಸರದಾರರ ಕೈಸೇರಿ ಮಹಾರಾಷ್ಟ್ರದ ದೇಗುಲಗಳಿಗೆ ಬಂದವು. ನಾಸಿಕದ ನಾರೋಶಂಕರ ದೇವಸ್ಥಾನದಲ್ಲಿ, ಭೀಮಾಶಂಕರದಲ್ಲಿ ಅವು ಈಗಲೂ ಇವೆ. ಚರ್ಚಿನಲ್ಲಿ ಹಗ್ಗ ಎಳೆದು ಗಂಟೆಯನ್ನೇ ತೂಗುತ್ತಿದ್ದರು. ದೇಗುಲದಲ್ಲಿ ಗಂಟೆ ಸ್ಥಿರ, ನಾಲಗೆಯನ್ನು ಎಳೆದು ಬಡಿಯಬೇಕು.

ಮತ್ತೆ ಪ್ರಾಣಿಗಳ ಕಡೆಗೆ ಬರುವುದಾದರೆ, ಅವುಗಳ ಕೊರಳಿಗೆ ಗಂಟೆ ಬಂದು ಮೂರು ಸಾವಿರ ವರ್ಷವಾದರೂ ಆಗಿರಬೇಕು. ನಿಮ್ರುದ್‌ನ ಅಸ್ಸೀರಿಯನ್ ಅರಮನೆಯ ಅವಶೇಷಗಳಲ್ಲಿ ಪುರಾತತ್ವಜ್ಞ ಹೆನ್ರಿ ಲೇಯರ್ಡ್‌ಗೆ ಸುಮಾರು 80 ಪುಟ್ಟ ಕಂಚಿನ ಗಂಟೆಗಳು ಸಿಕ್ಕಿದ್ದವು. ಅಲ್ಲಿನ ಉಬ್ಬುಶಿಲ್ಪಗಳಲ್ಲಿ ಅಂಥ ಗಂಟೆ ಕಟ್ಟಿದ ಕುದುರೆಗಳೂ ಇವೆ. ಸಾಕಿದ ಡೇಗೆಯ ಕಾಲಿಗೆ ಕಟ್ಟುವ ಲಾಹೋರಿನ ಗಂಟೆಗಳಿಗೆ ಯುರೋಪಿನಲ್ಲೂ ಹೆಸರಿತ್ತು. ಎರಡು ಗಂಟೆಗಳ ಶ್ರುತಿ ತುಸು ಬೇರೆ ಇಟ್ಟರೆ ಪೊದೆಯೊಳಗೆ ಬೇಟೆ ಹಿಡಿದು ಕೂತ ಹಕ್ಕಿಯನ್ನು ದೂರದಿಂದ ಪತ್ತೆಹಚ್ಚುವುದು ಸುಲಭ. ಬೆಕ್ಕಿನ ಕೊರಳ ಗಂಟೆ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಬ್ರಿಟನ್ನಿನಲ್ಲಿ ಪರೀಕ್ಷಿಸಿದವರಿಗೆ, ಗಂಟೆ ಕಟ್ಟಿದ ಬೆಕ್ಕುಗಳು ಮನೆಗೆ ತರುವ ಹಕ್ಕಿಗಳು ನೂರಕ್ಕೆ 41, ಇಲಿಯಂಥ ಸಸ್ತನಿಗಳು 34 ಕಡಿಮೆಯಾದದ್ದು ಕಂಡಿತು. 2005ರಲ್ಲಿ ಪ್ರಕಟವಾದ ಫಲಿತಾಂಶ ಇದು.

ಕಟ್ಟಿಕೊಂಡ ಪ್ರಾಣಿಗೆ ಏನಾಗುತ್ತದೆ ಎಂದು ಕೇಳಿದ್ದು ಸ್ವಿಟ್ಜರ್ಲೆಂಡಿನವರು. ಆಲ್ಪ್ಸ್ ಪರ್ವತದ ಹುಲ್ಲುಗಾವಲಿನ ಹಸುಗಳ ಕೊರಳ ದೊಡ್ಡ ಗಂಟೆಗಳು ಪ್ರವಾಸಿಗರಿಗೆ ಬಲು ಇಷ್ಟ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 19 ಹಸುಗಳಿಗೆ ಮೂರು ದಿನ ಬರಿಗೊರಳು, ಮೂರು ದಿನ ನಾಲಗೆ ಕಟ್ಟಿಹಾಕಿದ ಗಂಟೆ, ಮೂರು ದಿನ ನುಡಿಯುವ ಗಂಟೆ ಎಂದು ಪಾಳಿ ಹಾಕಿ ನೋಡಿದರು. ಗಂಟೆಯ ತೂಕ 5.5 ಕಿಲೋ, ಅದರಿಂದ 20 ಸೆಂಟಿಮೀಟರ್ ದೂರದಲ್ಲಿ ಸದ್ದು 90ರಿಂದ 113 ಡೆಸಿಬೆಲ್. ಗಂಟೆ ನುಡಿಯಲಿ ಬಿಡಲಿ, ಕೊರಳಲ್ಲಿದ್ದಾಗ ಹಸುಗಳು ಮೆಲುಕು ಹಾಕುವ ಹೊತ್ತು ಇಳಿಯಿತು. ಅಂದರೆ ಭಾರವೇ ಒಂದು ತೊಂದರೆ. ನುಡಿಯುವ ಗಂಟೆ ಕಟ್ಟಿದ ಮೂರನೆಯ ದಿನ ಅವು ಮಲಗುವ ಅವಧಿ ಹೆಚ್ಚುಕಡಿಮೆ ನಾಲ್ಕು ತಾಸು ಕಡಿಮೆಯಾಯಿತು. ಹೃದಯ ಬಡಿತದ ಏರುಪೇರಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಹತ್ತೊಂಬತ್ತು ಹಸು, ಮೂರು ದಿನ ಎಂಬುದು ಸಣ್ಣ ಪ್ರಯೋಗವೇ. ಆದರೂ ವರದಿ ಹೊರಬಿದ್ದಾಗ ಗಂಟೆಯ ಬದಲು ಕೊರಳಿಗೆ ಜಿಪಿಎಸ್ ಕಟ್ಟಿದರಾಗದೇ ಎಂದು ಕೇಳಿದವರಿಗೂ ಪರಂಪರೆ ಬಿಡೆವು ಎಂದ ರೈತರಿಗೂ ಜಟಾಪಟಿ ಶುರುವಾಯಿತು. ಅದಿನ್ನೂ ಮುಗಿದಿಲ್ಲ.